ನೆಲ ನೋಡುವ ಹೂವು

ಮಸ್ಕಿ
೭-೮-೧೯೫೨, ಗುರುವಾರ

ಅಕ್ಕರೆಯ ಪಾರ್ವತಜ್ಜಿಗೆ,

ನಿನ್ನ ಮೊಣಕಾಲು ನೋವು ಹೇಗಿದೆ? ಸಿಂಧನೂರಿನ ನೀರು ಒಗ್ಗಿತೇ? ವೀರಭದ್ರಮ್ಮತ್ತೆ ಎರಡು ಹೊತ್ತು ಉಣ್ಣುತ್ತಾಳೆ ತಾನೆ? ಈ ಕಾಗದವನ್ನು ಅವಳಿಂದ ಓದಿಸಬೇಡ, ನೆರೆಮನೆಯ ಗೋಪಣ್ಣನಿಂದ ಓದಿಸಿಕೋ. ಎರಡು ಸಲ ಬಸಿರು ಇಳಿದು ಈಗ ಮತ್ತೆ ಬಸಿರಾದವಳು ಇದನ್ನು ಕೇಳುವುದು ಬೇಡ.

ನಿನ್ನ ಉಮ್ಮತ್ತಿ ಗಿಡಗಳು ಹೋದವು. ಆಡು ತಿಂದವೆಂದು ಬರೆ ಎಂದು ಅಮರಗುಂಡಪ್ಪ ಕಾಕಾ ಹೇಳಿದ್ದಾರೆ. ಉಮ್ಮತ್ತಿಗೆ ಯಾವ ಆಡು ಬಾಯಿ ಹಾಕುತ್ತದೆ? ಸುಳ್ಳು ಹೇಳುವವರಿಗೆ ಆಡಿಗಿರುವಷ್ಟಾದರೂ ಬುದ್ಧಿ ಬೇಕು. ಕಾಕಾ ತಮ್ಮ ಅರಿವೆ ಅಂಗಡಿಯ ಕೆಲಸಕ್ಕೆ ಲಿಂಗಸುಗೂರಿಗೆ ಹೋದವರು ಅಲ್ಲಿನ ಹಳೆಯ ಬಂಗಲೆಯಿಂದ ಡಬ್ಬಿಯಲ್ಲಿ ಒಂದು ಗಿಡ ತಂದರು. "ನಿಮ್ಮಜ್ಜಿದು ತಿಪ್ಪಿ ಗಿಡ, ವಿಷ. ಇದು ಸಾಹೇಬರ ಗಿಡ ಲೇ, ಹೂವು ನೋಡು, ಗಂಟಿ ಕಟ್ಟಿದಂಗ ಐತಿ" ಎಂದರು. ಬಾಗಿಲ ಬದಿಯ ಐದೂ ಉಮ್ಮತ್ತಿ ಅಂದೇ ಬೇರುಸಹಿತ ಮೇಲೆ ಬಂದವು.

ಹೊಸ ಹೂವು ಚೆಂದವಿಲ್ಲ ಎನ್ನಲಾರೆ. ಗೇಣುದ್ದ ಇದೆ, ಸಂಜೆ ಓಣಿಯೆಲ್ಲ ಘಮ್ಮೆನ್ನುತ್ತದೆ. ಆದರೆ ನಿನ್ನ ಉಮ್ಮತ್ತಿ ಮೊಣಕಾಲೆತ್ತರವಿದ್ದರೂ ಬಾಯಿ ಮೇಲೆತ್ತಿ ಅರಳುತ್ತಿತ್ತು. ಇದು ಆಳೆತ್ತರ ಬೆಳೆದು ನೆಲ ನೋಡುತ್ತದೆ. ಉಮ್ಮತ್ತಿಯ ಮುಳ್ಳುಕಾಯಿ ಬಿರಿದು, ಬೀಜ ಬಿದ್ದು, ತಾನೇ ಹುಟ್ಟುತ್ತಿತ್ತು. ಇದಕ್ಕೆ ಕಾಯೇ ಇಲ್ಲ, ಟೊಂಗೆ ನೆಟ್ಟು ದಿನಕ್ಕೆರಡು ಕೊಡ ನೀರು ಹೊರಬೇಕು. ಹೊರುವವನು ನಾನು. ಇನ್ನು ವಿಷದ ಮಾತು. ಆ ಬಂಗಲೆಯ ಮಾಲಿ ಜಂಗ್ಲಿಸಾಬರೇ ಶನಿವಾರ ಇಲ್ಲಿಗೆ ಬಂದಾಗ ಹೇಳಿದರು: "ಎರಡೂ ಒಂದ ಖಾಂದಾನ್, ಒಂದ ಮನಿತನ ನೋಡಪಾ. ಇದರ ಎಲಿ ತಿಂದು ಬಂಗ್ಲೆದ ಆಕಳಾ ಮೂರು ದಿನ ಎದ್ದಿಲ್ಲ." ಅದನ್ನು ಕಾಕಾಗೆ ಹೇಳಿದರೆ, "ಸಾಲಿ ಬಿಟ್ಟಾಂವ ನೀ, ನನಗ ಪಾಠ ಹೇಳಾಕತ್ತಿಯೇನಲೇ?" ಎಂದರು. ಶಾಲೆ ಬಿಟ್ಟವನಿಗೆ ಕಣ್ಣೂ ಇರುವುದಿಲ್ಲವೇ, ಅಜ್ಜಿ?

ಮೊನ್ನೆ ಶ್ರಾವಣದ ಎರಡನೆಯ ಸೋಮವಾರ. ಅತ್ತೆಯ ಬಸಿರು ನಿಲ್ಲಲೆಂದು ಸೋಮವಾರಕ್ಕೆ ಐದರಂತೆ ನೀನು ಹರಕೆ ಹೊತ್ತ ಉಮ್ಮತ್ತಿ ಹೂವನ್ನು ಗುಡ್ಡದ ಮಲ್ಲಯ್ಯನಿಗೆ ಏರಿಸುವ ದಿನ. ಕಾಕಾ ಆ ಜೋಲುವ ಹೂಗಳನ್ನೇ ಬುಟ್ಟಿಗೆ ಹಾಕಿ, "ಒಯ್ಯಿ, ಎರಡೂ ಒಂದ ಖಾಂದಾನ್ ಅಂತ ನೀನ ಅಂದಿಯಲ್ಲ" ಎಂದರು. ಬಾಗಿಲಿಗೆ ಬೇರೆ, ದೇವರಿಗೆ ಒಂದೇ. ಅದೂ ತಮ್ಮ ಒಡಹುಟ್ಟಿದ ತಂಗಿಗೆಂದು ಹೊತ್ತ ಹರಕೆ. ನಾನು ಬುಟ್ಟಿ ಮುಟ್ಟಲಿಲ್ಲ. ಊರೆಲ್ಲ ಹುಡುಕಿದರೂ ಉಮ್ಮತ್ತಿ ಸಿಗಲಿಲ್ಲ. ಅಂದು ನಮ್ಮ ಮನೆಯ ಹೂವು ಗುಡ್ಡ ಹತ್ತಲಿಲ್ಲ.

ಅತ್ತೆಗೆ ನಾನು ಕೇಳಿದೆನೆಂದು ಮಾತ್ರ ಹೇಳು. ನಿನ್ನ ಪಾದಕ್ಕೆ ಹಣೆ ಮುಟ್ಟಿಸಿದ,

ನಿನ್ನ ಮೊಮ್ಮಗ
ಸೂಗಪ್ಪ

ತಾ.ಕ.: ಟಪಾಲಿನ ಹೊತ್ತಾಯಿತು. ಗಿಡ ಕೀಳು ಎಂದದ್ದು ಕಾಕಾ, ಕಿತ್ತದ್ದು ನಾನು. ಹೊಸ ಗಿಡದ ಆಸೆ ನನಗೂ ಇತ್ತು. ಐದನೆಯದು ಕೈಗೆ ಬಂದ ಮೇಲೆ ಹರಕೆ ನೆನಪಾಯಿತು. ಬೈಯುವುದಾದರೆ ನನ್ನಿಂದಲೇ ಶುರು ಮಾಡು. ಸಂತೆಕಲ್ಲೂರಿನ ಹಳ್ಳದ ದಂಡೆಯಲ್ಲಿ ಉಮ್ಮತ್ತಿ ಇದೆಯಂತೆ, ನಡೆದು ಹೋಗಿ ತರುತ್ತೇನೆ. ಬರುವ ಸೋಮವಾರ ಹತ್ತು ಹೂವು ಏರಿಸಿದರೆ ತಪ್ಪಿದ ವಾರ ತುಂಬುತ್ತದೆಯೇ? ಭಾನುವಾರದೊಳಗೆ ಗೋಪಣ್ಣನಿಂದ ಎರಡು ಸಾಲು ಬರೆಸು.