ಮೂರು ಬೆರಳು ಜಗ್ಗಿದ ಸೇತುವೆಗೆ ಆಯುಧಪೂಜೆಯ ದಿನದ ಸರ್ಟಿಫಿಕೇಟು

ಬಣ್ಣ ಬಳಿದರೆ ಕಬ್ಬಿಣಕ್ಕೆ ಬಲ ಬರುತ್ತದೆಂದು ನಂಬಿರುವ ಮಾನ್ಯ ಕಾರ್ಯಪಾಲಕ ಎಂಜಿನಿಯರ್ ಅವರೇ,

ನಮ್ಮ ಕಡೆಯ ಸರ್ಕಾರಿ ಶಾಲೆಗೂ ಅದರ ಊಟದ ಹಾಲ್‌ಗೂ ನಡುವೆ ಇರುವ ದೊಡ್ಡ ಮೋರಿಯ ಮೇಲೆ ತಾವು ಕಟ್ಟಿಸಿದ ಕಬ್ಬಿಣದ ಕಾಲುಸೇತುವೆ ಜಗ್ಗಿದೆ. ಇನ್ನೂರ ಹನ್ನೆರಡು ಮಕ್ಕಳು ದಿನಕ್ಕೆ ಎರಡು ಸಲ ಅದನ್ನು ದಾಟುತ್ತಾರೆ. ಕೆಳಗೆ ಹದಿನೈದು ಅಡಿ ಆಳ. ಅದನ್ನು ಇವತ್ತೇ ಮುಚ್ಚಿಸಬೇಕು, ನಾನು ಕೇಳುತ್ತಿರುವುದು ಇಷ್ಟೇ. ಆದರೆ ಇಷ್ಟನ್ನೇ ಬರೆದುಕೊಟ್ಟರೆ ತಮ್ಮ ಕಚೇರಿಯಲ್ಲಿ ಅದರ ಮೇಲೆ ಟೀ ಲೋಟ ಇಡುವುದನ್ನು ಎರಡು ತಿಂಗಳಿಂದ ನೋಡುತ್ತಿದ್ದೇನೆ. ಆದ್ದರಿಂದ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ನಾನು ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಕಬ್ಬಿಣ ಎಳೆದು ಮುರಿಯುವ ಕೆಲಸ ಮಾಡಿ, ಕಳೆದ ಮೇ ತಿಂಗಳಲ್ಲಿ ನಿವೃತ್ತನಾದವನು. ತುಂಡಿನ ಮೇಲೆ ಎರಡು ಚುಕ್ಕೆ ಕುಟ್ಟಿ, ನಡುವಿನ ಅಂತರ ಅಳೆದುಕೊಂಡು, ಯಂತ್ರದ ದವಡೆಗೆ ಕಚ್ಚಿಸಿ ಎಳೆಯುತ್ತಿದ್ದೆವು. ಮೊದಮೊದಲು ಕಬ್ಬಿಣ ಬಹಳ ಮರ್ಯಾದಸ್ಥ. ಭಾರ ಇಳಿಸಿದರೆ ಚುಕ್ಕೆಗಳು ತಮ್ಮ ಜಾಗಕ್ಕೆ ವಾಪಸ್ಸು ಬರುತ್ತವೆ. ಒಂದು ಮಿತಿ ದಾಟಿತೋ, ಮುಗಿಯಿತು. ಆಮೇಲೆ ಭಾರ ತೆಗೆದರೂ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ, ಬಗ್ಗಿದ್ದು ಬಗ್ಗಿದಂತೆಯೇ. ಆ ಮಿತಿಯ ಹತ್ತಿರಕ್ಕೂ ಹೋಗದ ಹಾಗೆ ಸೇತುವೆ ಕಟ್ಟುವುದನ್ನೇ ಅಲ್ಲವೇ ಸ್ವಾಮಿ, ತಮಗೆ ನಾಲ್ಕು ವರ್ಷ ಕೂರಿಸಿ ಕಲಿಸಿದ್ದು?

ಇದನ್ನು ಯಾವ ಕಾಲೇಜಿಗೂ ಹೋಗದೆ ಕಂಡುಹಿಡಿದವರು ಆ ಶಾಲೆಯಲ್ಲಿ ಬಿಸಿಯೂಟ ಮಾಡುವ ಚಲುವಮ್ಮ. ಜೂನ್ ತಿಂಗಳ ಒಂದು ಬೆಳಿಗ್ಗೆ ಅಗ್ರಹಾರದ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು.

“ಮೇಷ್ಟ್ರೇ, ಸೇತುವೆ ಜಗ್ಬುಟ್ಟದೆ ಕಣ್ರೀ. ಮಕ್ಳು ಓಡಾಡುವಾಗ ಜಗ್ಗದು ಇರ್ಲಿ, ಎಲ್ಲಾ ದಾಟ್ಕಂಡು ಹೋದ್ಮೇಲೂ ಮೇಲಕ್ಕೆ ಬರಾಕಿಲ್ಲ. ಅಂಗೇ ಕುಂತ್ಕತದೆ.”

“ನಿಮಗೆ ಹೇಗಮ್ಮ ಗೊತ್ತಾಯ್ತು?” ಅಂದೆ.

ಹೂ ಕಟ್ಟುವ ದಾರವನ್ನು ಸೇತುವೆಯ ಪಕ್ಕದ ಕಂಬಿಯ ಈ ತುದಿಯಿಂದ ಆ ತುದಿಗೆ ಬಿಗಿದು ಕಟ್ಟಿ, ನಟ್ಟನಡುವೆ ದಾರಕ್ಕೂ ಕಂಬಿಗೂ ಎಷ್ಟು ಸಂದಿ ಇದೆಯೆಂದು ಬೆರಳಿಟ್ಟು ನೋಡುತ್ತಿದ್ದರಂತೆ. ಅದೂ ಭಾನುವಾರ, ಸೇತುವೆಯ ಮೇಲೆ ನರಪಿಳ್ಳೆ ಇಲ್ಲದಾಗ! ಜೂನ್‌ನಲ್ಲಿ ಒಂದು ಬೆರಳು. ಆಷಾಢ ಕಳೆಯುವಷ್ಟರಲ್ಲಿ ಎರಡು. ಮೊನ್ನೆ ಗೌರಿ ಹಬ್ಬಕ್ಕೆ ಮೂರು. ನಾನೂ ತಂತಿ ಬಿಗಿದು ಸ್ಕೇಲ್ ಹಿಡಿದೆ. ಐವತ್ತೆರಡು ಮಿಲಿಮೀಟರ್ ಬಂತು. ಚಲುವಮ್ಮನ ಬೆರಳಿನಲ್ಲಿ ತಪ್ಪಿರಲಿಲ್ಲ.

ದೂರು ಕೊಟ್ಟಾಗ ತಾವು ಸುಮ್ಮನೆ ಕೂರಲಿಲ್ಲ, ಅದನ್ನು ಒಪ್ಪಬೇಕು. ಸಹಾಯಕ ಎಂಜಿನಿಯರ್ ಒಬ್ಬರನ್ನು ಕಳಿಸಿದಿರಿ. ಅವರು ಸೇತುವೆಯ ನಡುವೆ ನಿಂತು ಎರಡು ಸಲ ಜಿಗಿದರು. “ಏನೂ ಆಗಿಲ್ಲ ಕಣ್ರೀ, ಸೇತುವೆ ಅಂದ್ಮೇಲೆ ಸ್ವಲ್ಪ ತೂಗುತ್ತೆ,” ಎಂದು ತೀರ್ಪು ಕೊಟ್ಟು ಜೀಪು ಹತ್ತಿದರು. ಈ ಜಿಗಿಯುವ ಪರೀಕ್ಷೆ ಯಾವ ಪುಸ್ತಕದಲ್ಲಿದೆ? ನಮ್ಮ ಕಾಲೇಜು ಲಕ್ಷಗಟ್ಟಲೆ ಸುರಿದು ಯಂತ್ರ ತರಿಸುವ ಬದಲು ಇಂಥವರನ್ನು ನಾಲ್ಕು ಜನ ಇಟ್ಟುಕೊಳ್ಳಬಹುದಿತ್ತಲ್ಲ? ಮುಂದಿನ ವಾರ ಪೇಂಟರ್‌ಗಳು ಬಂದು ಇಡೀ ಸೇತುವೆಗೆ ಹಳದಿ ಬಳಿದು ಹೋದರು. ಜಗ್ಗಿದ್ದು ಈಗ ದೂರದಿಂದಲೂ ಚೆನ್ನಾಗಿ ಕಾಣುತ್ತದೆ.

ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಆ ಕಬ್ಬಿಣದ ಪರೀಕ್ಷಾ ವರದಿ ತರಿಸಿಕೊಂಡೆ. ಮೂರು ತುಂಡು ಪರೀಕ್ಷೆ ಮಾಡಿದ್ದಾರೆ. ಮೂರಕ್ಕೂ ಅಂಕಿ ಒಂದೇ, ದಶಾಂಶ ಕೂಡ ಆಚೀಚೆ ಇಲ್ಲ. ಒಂದೇ ಕಂಬಿಯನ್ನು ಮೂರು ತುಂಡು ಮಾಡಿ ಎಳೆದರೂ ಮೂರು ಬೇರೆ ಬೇರೆ ಅಂಕಿ ಬರುವುದನ್ನು ಮೂವತ್ತೊಂದು ವರ್ಷ ಕಂಡವನು ನಾನು. ಪರೀಕ್ಷೆ ನಡೆದದ್ದು ನಮ್ಮ ಲ್ಯಾಬಿನಲ್ಲೇ ಅಂತೆ. ದಿನಾಂಕ ನೋಡಿದೆ. ಕಳೆದ ವರ್ಷದ ಆಯುಧಪೂಜೆ!

ಮಾನ್ಯರೇ, ತಾವು ಇರುವುದು ಮೈಸೂರಿನಲ್ಲಿ. ಆ ದಿನ ಈ ಊರಿನಲ್ಲಿ ಸ್ಕ್ರೂಡ್ರೈವರ್ ಕೂಡ ಕುಂಕುಮ ಇಟ್ಟುಕೊಂಡು ಮಲಗಿರುತ್ತದೆ. ನಮ್ಮ ಯಂತ್ರವನ್ನು ಅಟೆಂಡರ್ ಹುಚ್ಚಯ್ಯ ಬೆಳಿಗ್ಗೆಯೇ ತೊಳೆದು, ವಿಭೂತಿ ಬಳಿದು, ದವಡೆಗಳಿಗೆ ಚೆಂಡು ಹೂವಿನ ಹಾರ ಹಾಕಿದ್ದ. ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಹಂಚಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಹೋದ. “ನಾಳೆಗಂಟ ಯಾರೂ ಮುಟ್ಬ್ಯಾಡಿ, ಪೂಜೆಗೆ ಕುಂತದೆ,” ಅಂತ ಪ್ರಿನ್ಸಿಪಾಲರಿಗೇ ಹೇಳಿದ ಆಸಾಮಿ ಅವನು. ಹಾರ ಹಾಕಿಸಿಕೊಂಡು, ಕರೆಂಟಿಲ್ಲದೆ ಕೂತಿದ್ದ ಯಂತ್ರ ತಮ್ಮ ಮೂರು ತುಂಡನ್ನು ಯಾವ ಮಾಯದಲ್ಲಿ ಎಳೆಯಿತು?

ಇದನ್ನು ನಾನು ತಮ್ಮ ಕಚೇರಿಯ ಗುಮಾಸ್ತ ಮನೋಹರ್ ಅವರ ಮುಂದಿಟ್ಟೆ. ಅವರು ವರದಿಯ ಕೊನೆಯ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟು, “ಸೈನ್ ನಿಮ್ದೇ ಅಲ್ವಾ ಸಾರ್?” ಎಂದರು.

ನನ್ನದೇ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ದಸರಾ ರಜೆಯಲ್ಲಿ ಯಾರಿಗಾದರೂ ತುರ್ತು ವರದಿ ಬೇಕಾದೀತೆಂದು ನಾಲ್ಕಾರು ಖಾಲಿ ನಮೂನೆಗಳಿಗೆ ಸಹಿ ಹಾಕಿ ಬೀರುವಿನಲ್ಲಿಟ್ಟು ಹೋಗುವುದು ನಮ್ಮಲ್ಲಿ ವರ್ಷಾಂತರದ ರೂಢಿ. ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಆ ಹಾಳೆಯನ್ನು ತುಂಬಿದ ಕೈ ಯಾವುದೋ ನನಗೆ ಗೊತ್ತಿಲ್ಲ. ತಾವು ಹುಡುಕಿಸಿದರೆ ಗೊತ್ತಾಗುತ್ತದೆ. ಆದರೆ ಅದನ್ನು ಆ ಕೈಗೆ ಎಟುಕುವಂತೆ ಇಟ್ಟವನು ನಾನು. ಇದು ತಿಳಿದ ಮೇಲೆ ಮಧ್ಯಾಹ್ನ ಹನ್ನೆರಡೂವರೆಗೆ ಶಾಲೆಯ ಗಂಟೆ ಕೇಳಿದರೆ ಊಟ ಬಿಟ್ಟು ಏಳುತ್ತೇನೆ.

ಇಷ್ಟರ ನಡುವೆ ತಮ್ಮ ಕಚೇರಿ ಕ್ರಮ ಕೈಗೊಂಡಿದೆ, ಚಲುವಮ್ಮನ ಮೇಲೆ! ಅವರು ದಿನಾ ಗಂಟೆ ಹೊಡೆದ ಕೂಡಲೇ ಸೌಟು ಹಿಡಿದು ಸೇತುವೆಯ ಬಾಯಿಗೆ ಅಡ್ಡ ನಿಂತು, ಒಮ್ಮೆಗೆ ಐದೇ ಮಕ್ಕಳನ್ನು ಬಿಡುತ್ತಾರೆ. ಕೊನೆಯ ಮಗು ತಟ್ಟೆ ಮುಂದೆ ಕೂರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿರುತ್ತದೆ. ಈ ಹೆಂಗಸು ಇಲ್ಲಸಲ್ಲದ ವದಂತಿ ಹಬ್ಬಿಸುತ್ತಿದ್ದಾಳೆಂದು ತಾವು ಶಿಕ್ಷಣ ಇಲಾಖೆಗೆ ಬರೆದಿರಿ. ಊಟ ತಣ್ಣಗಾಗಿಸಿ ಮಕ್ಕಳಿಗೆ ತೊಂದರೆ ಕೊಟ್ಟಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು ಎಂದು ಇಲಾಖೆಯವರು ನೋಟಿಸ್ ಕೊಟ್ಟರು. ಇಡೀ ಪ್ರಕರಣದಲ್ಲಿ ನಿಜವಾಗಿ ಅಳತೆ ಮಾಡಿದವರು ಆಕೆಯೊಬ್ಬರೇ, ಶಿಕ್ಷೆಯೂ ಆಕೆಯೊಬ್ಬರಿಗೇ.

ಆದ್ದರಿಂದ ಸೇತುವೆ ಮುಚ್ಚಿಸಿ, ರಸ್ತೆ ಬಳಸಿ ಹೋಗುವ ಮಕ್ಕಳ ಜೊತೆ ಒಬ್ಬ ಪೊಲೀಸ್ ಪೇದೆಯನ್ನು ನಿಲ್ಲಿಸಿ. ಸೇತುವೆಯ ಕಬ್ಬಿಣದಿಂದ ತುಂಡೊಂದನ್ನು ಪೋಷಕರ ಎದುರೇ ಕತ್ತರಿಸಿ, ಬೇರೊಂದು ಲ್ಯಾಬಿನಲ್ಲಿ ಎಳೆಸಿ, ಬಂದ ಅಂಕಿಯನ್ನು ಶಾಲೆಯ ಗೋಡೆಗೆ ಅಂಟಿಸಿ. ಸುಳ್ಳು ವರದಿಯ ವಿಚಾರಣೆ ನನ್ನಿಂದಲೇ ಶುರುವಾಗಲಿ, ಕರೆದ ದಿನ ಬರುತ್ತೇನೆ. ಚಲುವಮ್ಮನ ನೋಟಿಸ್ ವಾಪಸ್ಸು ಪಡೆಯುವಂತೆ ತಾವೇ ಬರೆಯಬೇಕು. ಅದಕ್ಕೆ ನಾಳೆಯೊಳಗೆ ಉತ್ತರ ಕೊಡಬೇಕಂತೆ. ನಿನ್ನೆ ನಮ್ಮ ಜಗಲಿಯಲ್ಲಿ ಕೂತು ಅವರು ಹೇಳಿದರು, ನಾನು ಬರೆದುಕೊಂಡೆ. ಎರಡು ಪುಟವಾದರೂ ಬರೆಯೋಣವೆಂದರೆ ಎರಡೇ ಮಾತು ಸಾಕು ಎಂದರು:

“ಅನ್ನ ಆರೋದ್ರೆ ತಿರ್ಗ ಬಿಸಿ ಮಾಡ್ಕೊಡ್ತೀನಿ ಸ್ವಾಮಿ. ಮಕ್ಳು ಬಿದ್ದೋದ್ರೆ ನೀವೇನ್ ಮಾಡ್ಕೊಡ್ತೀರಿ?”

ಇಂತಿ,
ಸಹಿ ಹಾಕುವ ಮೊದಲು ಓದುವುದನ್ನು ನಿವೃತ್ತಿಯ ನಂತರ ಕಲಿತ,
ವಾಗೀಶ
ಅಗ್ರಹಾರ, ಮೈಸೂರು