ಅರ್ಧಕ್ಕೆ ಏರಿದ ಬಾವುಟ

1958, ಜೂನ್ 19

ಇವತ್ತೂ ಕಲ್ಲಂಗಳದ ಕಳೆ ಕಿತ್ತದ್ದೇ ಆಯಿತು. ಬೆನ್ನು ಸೆಟೆದಿದೆ. ಕಡಲ ಪಾಚಿ ಒಣಹಾಕುವ ಜಾಗದಲ್ಲಿ ಒಂದು ಹುಲ್ಲೆಸಳೂ ಇರಬಾರದು ಅಮ್ಮನಿಗೆ. ಪಾಚಿಯೇ ಬರದಿದ್ದರೆ ಅಂಗಳ ಯಾಕೆ ಎಂದೆ.

"ಬಾಯಿ ಮುಚ್ಚಿ ಕೈ ಆಡ್ಸು, ತೊಮೆ."

ಅಮೆರಿಕನ್ ಸೇನೆಯ ಬೇಸ್‌ನಿಂದ ಆದೇಶ ಬಂದಿದೆ. ಈ ವರ್ಷ ಎಲ್ಲ ದೋಣಿಗೂ ಒಟ್ಟಿಗೆ ಅಪ್ಪಣೆ ಕೊಡುವ ಬಾವುಟ ಏರಿಸುವಂತಿಲ್ಲ. ದೋಣಿಗಳು ಒಂದೊಂದಾಗಿ ಹೊರಡಬೇಕು, ಹತ್ತು ನಿಮಿಷಕ್ಕೊಂದು. ನಮ್ಮ ಹಮಾಶಿರೊದಲ್ಲಿರುವುದು ನೂರ ನಲವತ್ತು ದೋಣಿ! ಬೆಳಗ್ಗೆ ಐದಕ್ಕೆ ಶುರುವಾದರೆ ಕೊನೆಯ ದೋಣಿ ಹೊರಡುವುದು ಮರುದಿನ ನಸುಕಿಗೆ. ಬೆಳಗ್ಗೆ ಕೊಯ್ದ ಪಾಚಿ ಸಂಜೆಯೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಇದನ್ನು ಬೇಸಿನ ಕ್ಯಾಪ್ಟನ್ನಿಗೆ ಯಾರು ಹೇಳಬೇಕು? ಒಂದು ಬೇಸಿಗೆ ಹೋದರೆ ಊರೇ ಖಾಲಿ. ಹನ್ನೊಂದು ಮನೆಯವರು ಆಗಲೇ ಸಪ್ಪೊರೊ ಕಾರ್ಖಾನೆಗೆ ಅರ್ಜಿ ಹಾಕಿದ್ದಾರೆ.

ಯುದ್ಧ ಮುಗಿದಾಗ ರಷ್ಯಾದವರೂ ಅಮೆರಿಕಾದವರೂ ನಮ್ಮ ಹೊಕ್ಕೈಡೊ ದ್ವೀಪವನ್ನು ರೊಟ್ಟಿಯಂತೆ ಮುರಿದುಕೊಂಡರು. ಗೆರೆ ನಮ್ಮ ಕೊಲ್ಲಿಯ ನಡುವೆಯೇ ಬಿತ್ತು. ಎದುರು ದಡದ ಓಕಿತ್ಸು ಎರಡೂವರೆ ಮೈಲಿ ದೂರ — ಮತ್ತು ಬೇರೆ ದೇಶ. ಇಬ್ಬರ ಹತ್ತಿರವೂ ಭೂಮಿಯನ್ನು ಮೂರು ಸಲ ಸುಡುವಷ್ಟು ಬಾಂಬ್ ಇದೆಯಂತೆ. ನಾನು ತರಿಸುವ ಬಾಂಬ್-ವಿರೋಧಿ ಕರಪತ್ರಗಳ ಸಂಖ್ಯೆ 14ರಲ್ಲಿದೆ. ಮೂರು ಸಲ ಯಾಕೆ?

ಜೂನ್ 22

ಮನವಿ ಬರೆದೆ. ಒಂಬತ್ತು ಪುಟ. "ಮಾನವಕುಲದ ಹೆಸರಿನಲ್ಲಿ" ಎಂದು ಆರಂಭ. ಶಾಲೆಯ ಓನುಮಾ ಮೇಷ್ಟ್ರಿಗೆ ಇಂಗ್ಲಿಷ್ ಮಾಡಿಕೊಡಲು ಕೊಟ್ಟೆ. ಓದಿದರು, ಕನ್ನಡಕ ತೆಗೆದರು, ಆರು ಪುಟ ಹೊಡೆದುಹಾಕಿದರು.

"ಮಾನವಕುಲ ಆಮೇಲೆ ಬರ್ಲಿ ತೊಮೆ. ಮೊದ್ಲು ಪಾಚಿ ವಿಷ್ಯ ಬರಿ."

"ಸರ್, ಎರಡೂ ಒಂದೇ."

"ಇರ್ಬೋದು. ಆದ್ರೆ ಕ್ಯಾಪ್ಟನ್‌ಗೆ ಓದೋಕೆ ಹತ್ತು ನಿಮಿಷ ಮಾತ್ರ ಇರುತ್ತೆ."

ಸಿಟ್ಟು ಬಂತು. ಉಳಿದ ಮೂರು ಪುಟ ಚೆನ್ನಾಗಿವೆ ಎಂಬುದಕ್ಕೆ ಇನ್ನೂ ಸಿಟ್ಟು.

ಜೂನ್ 24

ಊಟಕ್ಕೆ ಕುಳಿತಾಗ ಮನವಿ ಓದಿ ಹೇಳಿದೆ. ಕಳೆದ ಜುಲೈ ಐದರದ್ದನ್ನೂ ಬರೆದಿದ್ದೇನೆ. ಆ ದಿನ ಬಾವುಟ ಏರಿತು, ಎಂದಿನಂತೆ ಎಲ್ಲ ದೋಣಿಗಳೂ ಒಟ್ಟಿಗೆ ನುಗ್ಗಿದವು. ರಷ್ಯಾದವರ ರೇಡಾರ್ ಅದನ್ನು ದಾಳಿ ಎಂದುಕೊಂಡಿತು. ಅಲ್ಲಿ ಸೈರನ್, ಆಮೇಲೆ ಇಲ್ಲಿ ಸೈರನ್. ಹನ್ನೊಂದು ಗಂಟೆ ಕಾಲ ಶಾಲೆಯ ನೆಲಮಾಳಿಗೆಯಲ್ಲಿ ಕುಳಿತೆವು, ತಲೆಯ ಮೇಲೆ ಬಾಂಬ್ ಹೊತ್ತ ವಿಮಾನಗಳು. "ರೇಡಾರಿಗೆ ಕಣ್ಣಿದೆ, ಹೃದಯವಿಲ್ಲ" — ನನಗೆ ಬಹಳ ಇಷ್ಟವಾದ ಸಾಲು.

ಅಜ್ಜ ಬಟ್ಟಲು ಅರ್ಧಕ್ಕೇ ಬಿಟ್ಟು ಎದ್ದುಹೋದ. ಇಪ್ಪತ್ತಾರು ವರ್ಷ ಊರಿನ ಬಾವುಟ ಹಿಡಿದವನು. ಗಾಳಿ, ಮಂಜು, ಅಲೆ ನೋಡಿ ಅವನು ಏರಿಸಿದರೆ ಮಾತ್ರ ದೋಣಿ ಇಳಿಯುತ್ತದೆ. ಮೀನುಗಾರರ ಸಂಘದ ಅಧ್ಯಕ್ಷರೂ ಎದುರಾಡುವಂತಿಲ್ಲ. ಅವನ ನೋವು ತಟ್ಟಿತು ಎಂದುಕೊಂಡೆ.

ಜೂನ್ 25

ನೋವಲ್ಲ.

ಬೆಳಗ್ಗೆ ಅಜ್ಜ ಬಾವುಟದ ಕಂಬದ ಹತ್ತಿರ ಕರೆದ. ಹಳೇ ದುರ್ಬೀನು ಕೊಟ್ಟು ಓಕಿತ್ಸು ನೋಡು ಎಂದ. ಅಲ್ಲೂ ಒಂದು ಕಂಬ. ಕೆಳಗೆ ಮುದುಕನೊಬ್ಬ ಕುಳಿತಿದ್ದ.

"ಕಿಹೇ. ಅವ್ರ ಕಡೆ ಬಾವುಟದವ್ನು. ಮೊದ್ಲು ನನ್ ಕೈಕೆಳಗೇ ಇದ್ದ. ಗೆರೆ ಬಿದ್ದ್ಮೇಲೆ ಮಾತಿಲ್ಲ ಕತೆ ಇಲ್ಲ. ಆದ್ರೂ ನಾನು ಅವನ್ನ ನೋಡ್ತಿದ್ದೆ, ಅವ್ನು ನನ್ನ ನೋಡ್ತಿದ್ದ. ಹನ್ನೊಂದು ವರ್ಷ ಇಬ್ರೂ ಒಂದೇ ಗಳಿಗೇಲಿ ಏರ್ಸಿದ್ವಿ."

"ಯಾರೂ ಹೇಳ್ದೇ?"

"ಯಾರ್ ಹೇಳ್ಬೇಕು? ಪಾಚಿ ಇಬ್ರಿಗೂ ಒಂದೇ." ತಲೆ ಕೆರೆದುಕೊಂಡ. "ಆದ್ರೆ ನಡುಬಂಡೆ ಹತ್ರದ ದಪ್ಪ ಪಾಚಿ ಇದ್ಯಲ್ಲ, ಅದಕ್ಕೆ ಅವ್ನ ದೋಣಿಗ್ಳೇ ಮೊದ್ಲು ಬರ್ತಿದ್ವು. ಮೂರು ವರ್ಷ ನೋಡ್ದೆ. ಹೋದ್ವರ್ಷ ಅವ್ನು ಹಗ್ಗಕ್ಕೆ ಕೈ ಹಾಕೋಕೆ ಮುಂಚೆ, ಇಪ್ಪತ್ತು ನಿಮಿಷ ಮೊದ್ಲೇ ಏರ್ಸ್‌ಬಿಟ್ಟೆ."

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಎರಡೂ ದಡದಿಂದ ಒಟ್ಟಿಗೆ ದೋಣಿ ಬಂದಷ್ಟು ವರ್ಷ ರೇಡಾರ್ ಸುಮ್ಮನಿತ್ತು. ಒಂದೇ ಕಡೆಯಿಂದ ಬಂದದ್ದು ಅದೊಂದೇ ಬೆಳಗ್ಗೆ.

ಹನ್ನೊಂದು ಗಂಟೆ ಕಾಲದ ನೆಲಮಾಳಿಗೆ. ಇಡೀ ಜಗತ್ತೇ ಪಣಕ್ಕೆ. ಒಂದು ಹಿಡಿ ದಪ್ಪ ಪಾಚಿಗೆ.

ಜೂನ್ 29

ಮೂರು ದಿನ ಬರೆಯಲಿಲ್ಲ. ಅಜ್ಜನ ಜತೆ ಮಾತೂ ಆಡಲಿಲ್ಲ. ಕರಪತ್ರಗಳಲ್ಲೆಲ್ಲ ಹುಡುಕಿದೆ. ತಪ್ಪು ಮಾಡಿದವನು ನಿನಗೆ ಮೀನಿನ ಮುಳ್ಳು ಬಿಡಿಸಿ ಕೊಡುವವನಾದರೆ ಏನು ಮಾಡಬೇಕು ಎಂದು ಯಾವ ಸಂಖ್ಯೆಯಲ್ಲೂ ಇಲ್ಲ.

ಸಂಜೆ ನಾನೇ ಹೋಗಿ ಕೇಳಿದೆ, ಕಿಹೇಗೆ ತಪ್ಪಾಯಿತು ಎಂದು ಹೇಳುವುದು ಹೇಗೆ?

ಅಜ್ಜ ಕಂಬದ ಕಡೆ ಕೈ ತೋರಿಸಿದ. "ಅರ್ಧ ಏರ್ಸೋದು" ಎಂದ. ಅರ್ಧ ಬಾವುಟವೆಂದರೆ ತಡೆಯಿರಿ, ಇನ್ನೂ ಮಾತು ಮುಗಿದಿಲ್ಲ ಎಂದು.

ಜೂನ್ 30

ಬೆಳಗ್ಗೆ ಐದಕ್ಕೆ ಅರ್ಧ ಬಾವುಟ. ಆರಕ್ಕೆ ಜೀಪು ಬಂತು. ಓನುಮಾ ಮೇಷ್ಟ್ರು ಪೈಜಾಮದಲ್ಲೇ ಓಡಿಬಂದು ಸೈನಿಕನಿಗೆ ಆದೇಶ ಓದಿ ತೋರಿಸಿದರು. ಬಾವುಟ ಏರಿಸುವಂತಿಲ್ಲ ಎಂದಿದೆಯೇ ಹೊರತು ಅರ್ಧದ ಮಾತು ಎಲ್ಲಿದೆ? ಅವನು ತಲೆ ಅಲ್ಲಾಡಿಸಿ ಹೋದ. ಮೇಷ್ಟ್ರ ಬಗ್ಗೆ ಹಿಂದೆ ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಎದುರು ಕಂಬ ಬರಿದು.

ಜುಲೈ 3

ಬೇಸ್‌ಗೆ ಹೋದೆ. ಮೂರು ಪುಟ, ಮೇಷ್ಟ್ರು, ಅಮ್ಮ ಕಟ್ಟಿಕೊಟ್ಟ ಹಳೇ ಪಾಚಿಯ ಕಟ್ಟು. ಕ್ಯಾಪ್ಟನ್ ಹಾಲ್ವರ್ಸನ್ ರಾಕ್ಷಸನ ಹಾಗೆ ಇರುತ್ತಾನೆ ಎಂದುಕೊಂಡಿದ್ದೆ. ಮೂಗು ಸುಲಿದ, ಶೀತ ಹಿಡಿದ ಮನುಷ್ಯ. ಪಾಚಿಯನ್ನು ಮೂಸಿ ಸೀನಿದ. ಅಜ್ಜನ ಇಪ್ಪತ್ತು ನಿಮಿಷದ ಕತೆಯನ್ನೂ ಹೇಳಿದೆ. ಹೇಳಬಾರದಿತ್ತೇನೋ. ಆದರೆ ಅದನ್ನು ಮುಚ್ಚಿಟ್ಟರೆ ಉಳಿದದ್ದೆಲ್ಲ ಸುಳ್ಳು.

ಅವನು ಹೋದ ವರ್ಷದ ಕಡತ ತರಿಸಿ ನೋಡಿದ, ಅದರ ಹಿಂದಿನ ವರ್ಷದ್ದೂ.

ಮೇಷ್ಟ್ರು ಅನುವಾದಿಸಿದರು: "ಎರಡೂ ದಡದಿಂದ ಒಟ್ಟಿಗೆ ಬಂದ್ರೆ ಮೀನುಗಾರಿಕೆ ಅಂತ ಬರ್ಕೋತಾರಂತೆ. ಒಂದೇ ಕಡೆಯಿಂದ ಬಂದ್ರೆ ಅವ್ರ ಕೈಲಿ ಏನೂ ಇಲ್ವಂತೆ."

ಒಂದು ಬೆಳಗ್ಗೆ ಎಲ್ಲ ದೋಣಿಗಳನ್ನೂ ಒಟ್ಟಿಗೆ ಬಿಡುತ್ತಾರೆ. ಜುಲೈ 12; ಎದುರು ದಡಕ್ಕೂ ರೇಡಿಯೋದಲ್ಲಿ ದಿನ ತಿಳಿಸುತ್ತಾರಂತೆ. ಓಕಿತ್ಸು ಬಾವುಟ ಏರಿದರೆ ಮಾತ್ರ. ತಪ್ಪಿದರೆ ಇನ್ನೆಂದೂ ಇಲ್ಲ.

ಜುಲೈ 6

ಏಳನೆಯ ದಿನ. ಎದುರು ಕಂಬ ಬರಿದು. ಅಮ್ಮ ಕಳೆ ಕೀಳುವುದನ್ನು ನಿಲ್ಲಿಸಿಲ್ಲ. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ.

ಜುಲೈ 8

ಅರ್ಧ!! ಓಕಿತ್ಸು ಕಂಬದಲ್ಲಿ ಅರ್ಧಕ್ಕೆ ಬಿಳಿ ಬಟ್ಟೆ! ಕಿರುಚಿದ್ದಕ್ಕೆ ಪಕ್ಕದ ಮನೆಯವರು ಬೆಂಕಿ ಬಿತ್ತೆಂದು ನೀರು ಹೊತ್ತು ಬಂದರು.

ಅಜ್ಜ ದುರ್ಬೀನು ಇಳಿಸಿದ. "ಕಳ್ ಮುದುಕ. ಒಂಬತ್ತ್ ದಿನ ಕಾಯ್ಸಿದ ನನ್ಮಗ." ಕಣ್ಣು ಒರೆಸಿಕೊಂಡ. ಗಾಳಿಗೆ ಎಂದ. ಗಾಳಿಯೇ ಇರಲಿಲ್ಲ.

ಜುಲೈ 11

ಅಲ್ಲೂ ಯಾರಾದರೂ ಮೂಗು ಸುಲಿದ ಕ್ಯಾಪ್ಟನ್ನನ ಮುಂದೆ ಮೂರು ಪುಟ ಹಿಡಿದು ನಿಂತಿರಬಹುದೇ? ನನ್ನಂಥವಳು? ಅವಳ ಹೆಸರೇನೋ. ಅವಳ ಕರಪತ್ರಗಳಲ್ಲಿ ನಮ್ಮ ಬಗ್ಗೆ ಏನು ಬರೆದಿದೆಯೋ.

ಜುಲೈ 12, ಬೆಳಗ್ಗೆ 4:35

ಕಂಬದ ಬುಡದಲ್ಲಿದ್ದೇನೆ. ಕ್ಯಾಪ್ಟನ್ ಗಂಟೆ ನಿಮಿಷ ಬರೆದಿಡಲು ಹೇಳಿದ್ದಾನೆ. ಬೇರೆ ಕಾಗದ ಸಿಗಲಿಲ್ಲ, ಇದರಲ್ಲೇ. ಆಕಾಶ ತಿಳಿ. ನೂರ ನಲವತ್ತು ದೋಣಿ ನೀರಿನಂಚಿನಲ್ಲಿ, ಪಾಚಿ ಕೊಯ್ಯುವ ಕವೆಗೋಲು ಹಿಡಿದು ಎಲ್ಲರೂ ನಿಂತೇ ಇದ್ದಾರೆ. ಯಾರೂ ಕೆಮ್ಮುತ್ತಿಲ್ಲ.

4:46

ಇಲ್ಲಿ ಅರ್ಧ. ಅಲ್ಲೂ ಅರ್ಧ. ಹೋದ ವರ್ಷದ ಮೇಲೆ ಅಜ್ಜ ಮೊದಲು ಏರಿಸಲಾರ. ಕಿಹೇ ಯಾಕೆ ಮೊದಲು ಏರಿಸಬೇಕು? ನಾವು ಹಿಂದೆಯೇ ಬರುತ್ತೇವೆಂದು ಹೇಗೆ ನಂಬಬೇಕು?

4:53

ಅಜ್ಜ ಹಗ್ಗ ಬಿಟ್ಟ. ಟೋಪಿ ತೆಗೆದ. ಓಕಿತ್ಸು ಕಡೆಗೆ ಸೊಂಟ ಬಾಗುವಷ್ಟು ಬಗ್ಗಿದ. ಅವನು ಹಾಗೆ ಬಗ್ಗಿದ್ದು ನಾನು ಎಂದೂ ನೋಡಿಲ್ಲ. ತಲೆ ಎತ್ತುತ್ತಿಲ್ಲ.

"ಏನ್ ಕಾಣುತ್ತೆ?" ಬಗ್ಗಿಯೇ ಕೇಳಿದ.

"ಕಿಹೇ ಅಜ್ಜ ನಿಂತಿದ್ದಾರೆ."

"ಇನ್ನೂ?"

"ಇನ್ನೂ ನಿಂತಿ— ಅಜ್ಜ, ಅವ್ರೂ ಬಗ್ತಿದ್ದಾರೆ!"

4:58

ಕಿಹೇ ಅಜ್ಜ ನೆಟ್ಟಗಾದರು. ಎರಡೂ ಕೈ ಹಗ್ಗದ ಮೇಲೆ. ಬಿಳಿ ಬಟ್ಟೆ ಅಲುಗಿತು. ಅಜ್ಜ ಕೂಗುತ್ತಿದ್ದಾನೆ, "ಪೆನ್ಸಿಲ್ ಬಿಡೇ, ಹಗ್ಗ ಹಿಡಿ, ಒಟ್ಗೇ ಎಳೀಬೇಕು!" ಅಲ್ಲಿ ಮುಕ್ಕಾಲು ಏರಿದೆ, ಇನ್ನೂ ಏರು—