ವಾಯರ್ ಕಾಣಬೇಕು

ಅಣಶಿ
12 ನವೆಂಬರ್ 2025, ಬುಧವಾರ

ಮಾತೋಶ್ರೀ ಅವ್ವನಿಗೆ ನಿನ್ನ ಮಗಳು ಕಸ್ತೂರಿ ಮಾಡುವ ನಮಸ್ಕಾರಗಳು.

ಇತ್ತ ನಾವೆಲ್ಲ ಕ್ಷೇಮ ಎಂದು ಮುಂದಿನ ಸಾಲು ಬರೆಯಬೇಕು. ಬರೆಯುವುದಿಲ್ಲ. ಅದನ್ನು ಫೋನಿನಲ್ಲಿ ಹೇಳಿ ಹೇಳಿ ನನಗೆ ಸಾಕಾಗಿದೆ, ಕೇಳಿ ಕೇಳಿ ನಿನಗೂ ಸಾಕಾಗಿರಬೇಕು. ಕೈಯಲ್ಲಿ ಹೊಸ ಮೊಬೈಲ್ ಇಟ್ಟುಕೊಂಡು ಕಾಗದ ಬರೆಯುವ ಹುಚ್ಚು ಇವಳಿಗೆ ಯಾಕೆ ಹಿಡಿಯಿತು ಎಂದು ಗಾಬರಿಯಾಗಬೇಡ. ಸಾವಕಾಶ ಓದು. ನಾನು ಬಿಸಿಯೂಟದ ಅಡಿಗೆ ಮಾಡುವ ಶಾಲೆಯ ಸುಮಿತಾ ಟೀಚರ್ ಶನಿವಾರ ಹಳಿಯಾಳದ ತಮ್ಮ ಮನೆಗೆ ಹೋಗುವಾಗ ತೇರಗಾಂವಕ್ಕೆ ಬಂದು ಇದನ್ನು ನಿನ್ನ ಕೈಗೇ ಕೊಡುತ್ತಾರೆ. ಅಣ್ಣನ ಕೈಗಾಗಲಿ ವೈನಿಯ ಕೈಗಾಗಲಿ ಕೊಡಬೇಡಿ ಎಂದು ಹೇಳಿದ್ದೇನೆ. ಏಳನೆಯ ಇಯತ್ತೆ ಪಾಸಾದವಳು ನೀನು, ಓದಿ ಹೇಳಲು ಯಾರೂ ಬೇಕಾಗಿಲ್ಲ.

ನೀನು ಇಲ್ಲಿಗೆ ಬಂದದ್ದು ನನ್ನ ಮದುವೆಯ ಮರುವರ್ಷ, ಒಂದೇ ಸಲ. ಆಗ ನಮ್ಮ ಪಡಸಾಲೆಯ ತೊಲೆಗೆ ಕೊಕ್ಕೆ ಇರಲಿಲ್ಲ. ಈ ಕಾಡಿನಲ್ಲಿ ನಮ್ಮ ಮನೆಗೆ ರೇಂಜ್ ಸಿಗುವುದು ಆ ತೊಲೆಯ ಹತ್ತಿರ ಒಂದೇ ಕಡೆ, ಅದೂ ತಲೆಗಿಂತ ಮೇಲೆ. ಅದಕ್ಕೇ ನಿನ್ನ ಅಳಿಯ ಅಲ್ಲೊಂದು ಕೊಕ್ಕೆ ಹೊಡೆದು, ಪ್ಲಾಸ್ಟಿಕ್ ಚೀಲದಲ್ಲಿ ಫೋನ್ ಇಟ್ಟು ತೂಗುಹಾಕಿದರು. ಕೆಳಗಿಳಿಸಿದರೆ ಮಾತು ಕಡಿಯುತ್ತದೆ. ಇಯರ್‌ಫೋನ್ ಹಚ್ಚೋಣವೆಂದರೆ ನನ್ನ ಹಳೆಯ ಫೋನಿನ ತೂತು ಇಲ್ಲಿಯ ಮಳೆಗೆ ಕಿಲುಬು ಹಿಡಿದು ಸತ್ತು ಎಷ್ಟೋ ಕಾಲವಾಯಿತು. ಹಾಗಾಗಿ ಫೋನ್ ಮೇಲೆ, ನಾನು ಕೆಳಗೆ, ಲೌಡ್ ಸ್ಪೀಕರ್ ಇಡೀ ಮನೆಗೆ. ನೀನು ಹಲೋ ಅಂದರೆ ಸಾಕು, ಅತ್ತೆ ಅಕ್ಕಿಯ ಮೊರ ಹಿಡಿದು ಬಂದು ಕೊಕ್ಕೆಯ ಕೆಳಗೆ ಕೂರುತ್ತಾರೆ. ಮೈದುನ ಈರೇಶ ಟಿವಿಯ ಸದ್ದು ಸಣ್ಣ ಮಾಡುತ್ತಾನೆ. ಇವರು ಅಂಗಳದಿಂದ ಒಳಗೆ ಬರುತ್ತಾರೆ. ನಿನ್ನ ಫೋನೆಂದರೆ ನಮ್ಮ ಮನೆಗೆ ಇನ್ನೊಂದು ಸೀರಿಯಲ್. ಅಷ್ಟು ಜನರ ನಡುವೆ ನಿಂತು ನೀನು ಏನು ಕೇಳಿದರೂ ನಾನು "ಆರಾಮ ಅದೀನಿ ಅವ್ವಾ" ಅನ್ನುತ್ತೇನೆ.

ಆಷಾಢದಲ್ಲಿ ನನಗೆ ಜ್ವರ ಬಂದಿದೆ ಎಂದಿದ್ದೆನಲ್ಲ, ಅದು ಜ್ವರವಲ್ಲ ಅವ್ವ. ಮೂರು ತಿಂಗಳಾಗಿತ್ತು, ಹೋಯಿತು. ಜೋಯಿಡಾದ ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ಕಳಿಸಿದರು. ನಿಂತದ್ದನ್ನೇ ಯಾರಿಗೂ ಹೇಳಿರಲಿಲ್ಲ, ಹೋದದ್ದನ್ನು ಹೇಳಿ ಏನು ಮಾಡುವುದು ಎಂದು ಅತ್ತೆಯ ಮಾತು. ಕೊಕ್ಕೆಯ ಕೆಳಗೆ ನಿಂತು ನಾನು ಜ್ವರ ಅಂದೆ. ಅತ್ತೆ ಅಕ್ಕಿ ಆರಿಸುತ್ತ ತಲೆದೂಗಿದರು. ನೀನು ಆ ಕಡೆಯಿಂದ, "ಅಳವಿ ಪಾಯಸ ಮಾಡ್ಕೊಂಡು ಕುಡಿಯವ್ವಾ, ಹೊಟ್ಟಿ ಬೆಚ್ಚಗ ಇಟ್ಕೋ" ಎಂದು ಹೇಳಿದೆ. ಫೋನ್ ಕಟ್ ಆದ ಮೇಲೆ ಅತ್ತೆ ನಕ್ಕರು. "ನಿಮ್ಮವ್ವಗ ವಯಸ್ಸಾತು ನೋಡು. ಬಾಣಂತಿಗೆ ಕೊಡೂದನ್ನ ಜ್ವರಕ್ಕ ಹೇಳ್ತಾಳ." ನಾನು ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ನಿನಗೆ ವಯಸ್ಸಾಗಿರಲಿಲ್ಲ, ನಿನಗೆ ತಿಳಿದಿತ್ತು. ಮಗು ಹೋದದ್ದಕ್ಕಿಂತ ಹೆಚ್ಚಾಗಿ, ನಿನಗೆ ತಿಳಿದೂ ನಾವಿಬ್ಬರೂ ಜ್ವರದ ಮಾತನ್ನೇ ಆಡಿದೆವಲ್ಲ ಎಂದು ಅತ್ತೆನೇನೋ. ಪಾಯಸವನ್ನು ಮಾತ್ರ ಮಾಡಿಕೊಂಡು ಕುಡಿದೆ.

ಈಗ ನಿನ್ನ ಎಮ್ಮೆಯ ವಿಷಯಕ್ಕೆ ಬರುತ್ತೇನೆ. ಸೀಗಿ ಹುಣ್ಣಿಮೆಯ ಮರುದಿನ ನೀನಾಗಿಯೇ ಫೋನ್ ಮಾಡಿದೆ. "ಕಸ್ತೂರಿ, ನಿನಗೊಂದು ಮಾತು ಹೇಳ್ಬೇಕಾಗಿತ್ತವಾ" ಎಂದು ಶುರು ಮಾಡಿದೆ. ಅಷ್ಟರಲ್ಲಿ ಅತ್ತೆ ಕೆಮ್ಮಿದರು. ನೀನು ತಡೆದು, "ಸ್ಪೀಕರ್ ಹಚ್ಚೀಯೇನು?" ಅಂದೆ. ಹೌದು ಎಂದೆ ನಾನು. "ಏನಿಲ್ಲ ಬಿಡು, ನಮ್ಮ ಎಮ್ಮಿ ಈದೈತಿ, ಅದನ್ನ ಹೇಳೂಣಂತ" ಎಂದವಳೇ ಮಾತು ಮುಗಿಸಿಬಿಟ್ಟೆ. ಅತ್ತೆ ನಂಬಿದರು, ಚಲೋ ಆತು ಎಂದರು. ಆದರೆ ಅದೇ ಎಮ್ಮೆ ಶ್ರಾವಣದಲ್ಲಿ ಹೆಣ್ಣು ಕರು ಹಾಕಿತೆಂದು ನೀನೇ ಹೇಳಿದ್ದೆ, ಗಿಣ್ಣ ಕಳಿಸಲು ಆಗಲಿಲ್ಲವೆಂದು ಪೇಚಾಡಿದ್ದೆ. ನಮ್ಮ ಎಮ್ಮೆ ಎಷ್ಟೇ ಗುಣವಂತೆಯಾದರೂ ಎರಡು ತಿಂಗಳಿಗೊಮ್ಮೆ ಈಯುವುದಿಲ್ಲ ಅವ್ವ. ಸುಳ್ಳು ಹೇಳಿ ರೂಢಿಯಿಲ್ಲದವಳು ಅವಸರದಲ್ಲಿ ಕೈಗೆ ಸಿಕ್ಕ ಎಮ್ಮೆಯನ್ನು ಹಿಡಿದುಕೊಂಡೆ. ನೀನು ನುಂಗಿದ ಆ ಮಾತು ಅವತ್ತಿನಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದನ್ನು ಕೇಳದೆ ನಾನು ಬಿಡುವುದಿಲ್ಲ ಎಂದು ಅವತ್ತೇ ನಿಶ್ಚಯ ಮಾಡಿದೆ.

ದೀಪಾವಳಿ ಮುಗಿದ ಮೇಲೆ ನನ್ನ ಪಗಾರ ಕೂಡಿಸಿಟ್ಟದ್ದನ್ನು ತೆಗೆದುಕೊಂಡು ಹೊಸ ಫೋನ್ ಕೊಳ್ಳಲು ಹಳಿಯಾಳಕ್ಕೆ ಹೊರಟೆ. ಇವರೂ ಈರೇಶನೂ ಜೊತೆಗೆ ಬಂದರು. ಬಾಗಿಲಲ್ಲಿ ಅತ್ತೆ, "ಎಲ್ಲಾರಿಗೂ ಚೊಲೋತ್ನ್ಯಾಗ ಕೇಳೂವಂಥಾದ್ದು ತರ್ರಿ" ಎಂದು ಹೇಳಿ ಕಳಿಸಿದರು. ಅಂಗಡಿಯವ ನನ್ನ ದುಡ್ಡಿಗೆ ಬರುವಂಥ ಎರಡು ಫೋನ್ ಮುಂದಿಟ್ಟ. ಒಂದು ನೀಲಿ ಬಣ್ಣದ್ದು, ದೊಡ್ಡದು. ಅದಕ್ಕೆ ಮೇಲೊಂದು ಕೆಳಗೊಂದು ಸ್ಪೀಕರ್. ಕ್ಯಾಮರಾ ಎಷ್ಟು ಚೆನ್ನಾಗಿತ್ತೆಂದರೆ ಅದರಲ್ಲಿ ನಾನು ಮದುವೆಗೆ ಮುಂಚಿನ ಕಸ್ತೂರಿಯ ಹಾಗೆ ಕಂಡೆ, ಸುಳ್ಳೇಕೆ ಹೇಳಲಿ, ಸ್ವಲ್ಪ ಆಸೆಯೂ ಆಯಿತು. ಆದರೆ ಅದನ್ನು ಸುತ್ತ ತಿರುಗಿಸಿ ನೋಡಿದರೂ ಇಯರ್‌ಫೋನ್ ತೂತು ಎಲ್ಲಿಯೂ ಇರಲಿಲ್ಲ. ಇನ್ನೊಂದು ಕಪ್ಪಗೆ, ಚಿಕ್ಕದು. ಫೋಟೋ ಸುಮಾರು, ಸೌಂಡೂ ಸುಮಾರು. ಕೆಳಗಡೆ ದುಂಡಗಿನ ತೂತು ಇತ್ತು. ಈರೇಶ ನೀಲಿ ಫೋನಿನಲ್ಲಿ ಹಾಡು ಹಚ್ಚಿದ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. "ವೈನಿ, ಇದs ಬೇಕು, ಅಡಿಗಿಮನಿ ತನಕಾ ಕೇಳ್ತೈತಿ!" ಎಂದು ಕುಣಿದಾಡಿದ. ಅಡಿಗೆಮನೆಯ ತನಕ ಕೇಳುತ್ತದೆ ಎಂದ ಕೂಡಲೆ ನನಗೆ ನೀಲಿಯ ಮೇಲಿದ್ದ ಆಸೆ ಅಷ್ಟೂ ಇಳಿದುಹೋಯಿತು.

ಕಪ್ಪು ಫೋನ್ ಕೊಡಿ ಎಂದೆ. ಯಾಕೆ ಎಂದು ಇವರು ಕೇಳಿದರು. ಇದಕ್ಕೆ ತೂತಿದೆ, ವಾಯರ್ ಹಚ್ಚಿಕೊಂಡು ಮಾತಾಡುತ್ತೇನೆ ಎಂದೆ. ಇವರ ಮುಖ ಸಣ್ಣಗಾಯಿತು. "ಮನಿಯಾಗ ಮುಚ್ಚಿ ಮಾತಾಡೂವಂಥಾದ್ದು ಏನೈತಿ?" ಎಂದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಇರಲಿ ಎಂದುಕೊಂಡೆ. "ಮುಚ್ಚೂದು ಏನಿಲ್ರಿ. ನಮ್ಮವ್ವ ನನ್ನ ಕೂಡ ಮಾತಾಡ್ತಾಳ, ನಿಮ್ಮ ಮನಿ ಮಂದಿ ಕೂಡ ಅಲ್ಲ" ಎಂದೆ. ಜಗಳವಾಗುತ್ತದೆಂದು ಅಂಗಡಿಯವನಿಗೆ ಹೆದರಿಕೆ. "ಅಕ್ಕಾರ, ಈಗ ವಾಯರ್ ಯಾರ್ ಹಾಕ್ಕೋತಾರ್ರಿ? ವಾಯರ್ ಇಲ್ಲದ್ದು ಬಂದಾವು, ಕಿವಿಯೊಳಗ ಇಟ್ರ ಮಂದಿಗೆ ಕಾಣೂದs ಇಲ್ಲ. ನೀಲಿಗೂ ನಡೀತಾವು" ಎಂದು ಸಣ್ಣ ಡಬ್ಬಿಯೊಂದನ್ನು ತೆರೆದು ತೋರಿಸಿದ. ಈರೇಶನ ಕಣ್ಣು ಅರಳಿತು, ಇವರೂ ಉಸಿರು ಬಿಟ್ಟರು. ನನಗೆ ಮಾತ್ರ ಎಲ್ಲಿತ್ತೋ ಸಿಟ್ಟು, ಮೈಯೆಲ್ಲ ಉರಿಯಿತು.

"ಕಾಣೂದಿಲ್ಲ ಅಂದ್ರ ನನಗ ಬ್ಯಾಡ್ರಿ" ಎಂದೆ. "ನಾ ಕದ್ದು ಮಾತಾಡಾಕಿ ಅಲ್ಲ. ವಾಯರ್ ಕಾಣ್ಬೇಕು. ನಾ ನಮ್ಮವ್ವನ ಕೂಡ ಮಾತಾಡಾಕತ್ತೀನಿ, ನಿಮಗ ಕೇಳೂದಿಲ್ಲ ಅನ್ನೂದು ಎಲ್ಲಾರಿಗೂ ಕಾಣ್ಬೇಕು."

ಇಷ್ಟು ಮಾತು ನಾನು ಆಡಿದೆನೇ ಎಂದು ನನಗೇ ಆಶ್ಚರ್ಯ. ಇವರು, "ಆಕಿ ದುಡಿದ ರೊಕ್ಕ, ಆಕಿ ಫೋನು. ಕರೀದs ಕೊಡ್ರಿ" ಎಂದು ಹೊರಗೆ ಹೋದರು. ನಿನ್ನ ಅಳಿಯ ಕೆಟ್ಟವರಲ್ಲ ಅವ್ವ. ಯಾರಾದರೂ ಹೇಳುವ ತನಕ ಅವರಿಗೆ ಹೊಳೆಯುವುದಿಲ್ಲ, ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಬಸ್ಸಿನಲ್ಲಿ ದಾಂಡೇಲಿ ದಾಟುವ ತನಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು, ದಾಟಿದ ಮೇಲೆ ಶೇಂಗಾ ಕೊಡಿಸಿದರು.

ಅತ್ತೆ ಹಾಗಲ್ಲ. "ಕಿವಿಗೆ ಹಗ್ಗಾ ಕಟ್ಕೊಂಡು ಬಂದಾಳ ನೋಡು" ಎಂದವರು ಇವತ್ತಿಗೂ ನನಗೆ ಹೇಳುವುದನ್ನೆಲ್ಲ ಬೆಕ್ಕಿಗೆ ಹೇಳುತ್ತಾರೆ. ಹೇಳಲಿ. ಹಳೆಯ ಫೋನನ್ನು ಈರೇಶನಿಗೆ ಕೊಡಬೇಕೆಂದು ಅದೇ ಬೆಕ್ಕಿನ ಮುಂದೆ ಅಪ್ಪಣೆಯಾಯಿತು. ಕೊಡಲಿಲ್ಲ.

ಆ ವಾರವೇ ನಿನಗೆ ಫೋನ್ ಮಾಡಿದೆನಲ್ಲ, ಎರಡೇ ಮಾತಾಡಿ ಇಟ್ಟುಬಿಟ್ಟಳು ಎಂದು ನೀನು ಬೇಜಾರು ಮಾಡಿಕೊಂಡಿರಬೇಕು. ಏನಾಯಿತು ಗೊತ್ತೇ? ಕಪ್ಪು ಫೋನ್ ಕೊಕ್ಕೆಗೆ ಹಾಕಿ, ವಾಯರ್ ಕಿವಿಗೆ ಸಿಕ್ಕಿಸಿಕೊಂಡು, ಗೋಡೆಗೆ ಮುಖ ಮಾಡಿ ನಿಂತೆ. ಅತ್ತೆ ಮೊರ ಹಿಡಿದು ಇನ್ನಷ್ಟು ಹತ್ತಿರ ಬಂದು ಕೂತರು. ಅವರಿಗೆ ಏನೂ ಕೇಳಿಸದು! ನಿನ್ನ ದನಿ ನನ್ನ ತಲೆಯೊಳಗೇ ಬಂದಂತಾಯಿತು, ಚಿಕ್ಕವಳಿದ್ದಾಗ ನನ್ನ ತಲೆ ಬಾಚುತ್ತ ಮಾತಾಡುತ್ತಿದ್ದೆಯಲ್ಲ, ಹಾಗೆ. ಕೇಳಬೇಕೆಂದು ಬಾಯಿ ತೆರೆದೆ. ಅದೇ ಹೊತ್ತಿಗೆ ನಿನ್ನ ದನಿಯ ಹಿಂದೆ ಲಕ್ಷ್ಮಿ ವೈನಿಯ ಬಳೆ ಕೇಳಿಸಿತು. ಸಾತಪ್ಪಣ್ಣ, "ಸ್ಪೀಕರ್ ದೊಡ್ಡದ ಮಾಡು, ಏನಂತಾಳ ಕೇಳೂಣು" ಎಂದದ್ದೂ ಕೇಳಿಸಿತು. ನನ್ನ ಕಡೆ ನಾನೊಬ್ಬಳೇ ಆಗಿದ್ದೆ, ನಿನ್ನ ಕಡೆ ಸಂತೆ ನೆರೆದಿತ್ತು. ನಿನ್ನ ಕೈಯಲ್ಲಿ ಫೋನೂ ಇರಲಿಲ್ಲ. ಅದು ಅಣ್ಣನ ಫೋನು, ವೈನಿ ಹಿಡಿದುಕೊಂಡಿದ್ದಳು. ಇಷ್ಟು ವರ್ಷ ನನ್ನ ಕೊಕ್ಕೆಯನ್ನೇ ಬೈದುಕೊಂಡೆ, ನಿನಗೂ ಒಂದು ಕೊಕ್ಕೆ ಇದೆ ಎಂದು ನನಗೆ ಹೊಳೆದಿರಲಿಲ್ಲ.

ಹೇಳು ಅವ್ವ, ಏನದು? ಮೈಗೆ ಹುಷಾರಿಲ್ಲವೇ? ಯಾವುದಾದರೂ ನೋವನ್ನು ಮುಚ್ಚಿಟ್ಟುಕೊಂಡಿದ್ದೀಯಾ? ಆ ಮನೆಯಲ್ಲಿ ಯಾರಾದರೂ ಏನಾದರೂ ಅಂದರೇ? ಊಹಿಸಿ ಊಹಿಸಿ ಅನ್ನಕ್ಕೆ ಎರಡು ಸಲ ಉಪ್ಪು ಹಾಕುತ್ತಿದ್ದೇನೆ, ಶಾಲೆಯ ಮಕ್ಕಳು ಮುಖ ಕಿವುಚುತ್ತಾರೆ. ದೊಡ್ಡ ವಿಷಯವಾದರೂ ಸರಿ, ಸಣ್ಣದಾದರೂ ಸರಿ, ನನಗೆ ಬೇಕು. ಆಸ್ಪತ್ರೆಗೆ ಹೋಗಬೇಕಾದರೆ ನಾನು ಕರೆದುಕೊಂಡು ಹೋಗುತ್ತೇನೆ. ಅಲ್ಲಿರುವುದು ಬೇಡವಾಗಿದ್ದರೆ ಇಲ್ಲಿಗೆ ಬಾ. ಮಗಳ ಮನೆಯಲ್ಲಿ ಇರಬಾರದು ಎಂದು ಯಾರಾದರೂ ಅಂದರೆ ಬೆಕ್ಕಿನ ಮುಂದೆ ಹೇಳಲಿ. ನಾನು ಅಂಗಡಿಯಲ್ಲಿ ಒಮ್ಮೆ ಬಾಯಿ ತೆರೆದವಳು, ಇನ್ನು ಮುಚ್ಚುವುದಿಲ್ಲ. ಜ್ವರ ಎಂದು ನಾನು ಹೇಳಿದಾಗ ಅಷ್ಟು ಕಿವಿಗಳ ನಡುವೆ ನೀನು ನನ್ನ ಹೊಟ್ಟೆಯನ್ನು ಬೆಚ್ಚಗಿಡಲು ಹೇಳಿದೆ. ಈಗ ನನ್ನ ಸರದಿ.

ನಿನ್ನ ಪ್ರೀತಿಯ ಮಗಳು,
ಕಸ್ತೂರಿ

ತಾ.ಕ.: ಸುಮಿತಾ ಟೀಚರ್ ಕೊಡುವ ಚೀಲದಲ್ಲಿ ಹಲಸಿನ ಹಪ್ಪಳದ ಕಟ್ಟಿದೆ, ಅದರ ಕೆಳಗೆ ನನ್ನ ಹಳೆಯ ಫೋನೂ ಚಾರ್ಜರೂ ಇವೆ. ಅದು ನಿನಗೆ. ಹೊಸ ಸಿಮ್ ಹಾಕಿಸಿದ್ದೇನೆ, ನಂಬರನ್ನು ಯಾರಿಗೂ ಕೊಟ್ಟಿಲ್ಲ. ಅಡಗಿಸಿಡಬೇಡ. ಅಣ್ಣ ಕೇಳಿದರೆ ಮಗಳು ಕೊಟ್ಟದ್ದು ಎಂದು ಎದುರಿಗೇ ಹೇಳು. ಅವರು ಎತ್ತಿಕೊಂಡು ಸ್ಪೀಕರ್ ಹಚ್ಚಿದರೂ ಏನೂ ಕೇಳುವುದಿಲ್ಲ, ಏಕೆಂದರೆ ಟೀಚರ್ ಕೈಯಲ್ಲಿ ಕಳಿಸಿ ಅದರ ಲೌಡ್ ಸ್ಪೀಕರನ್ನೇ ತೆಗೆಸಿಬಿಟ್ಟಿದ್ದೇನೆ. ಹಳಿಯಾಳದಲ್ಲಿ ರಿಪೇರಿ ಮಾಡುವ ಚನಬಸಪ್ಪ, "ಮಂದಿ ಸೌಂಡ್ ಬರವಲ್ದು ಅಂತ ಬರ್ತಾರ, ಇದೇನ್ರಿ ಟೀಚರ್ ಉಲ್ಟಾ?" ಎಂದು ನಕ್ಕನಂತೆ. ಇನ್ನು ಅದು ಕಿವಿಗೆ ಹಚ್ಚಿಕೊಂಡವರ ಕೂಡ ಮಾತ್ರ ಮಾತಾಡುತ್ತದೆ. ರಿಂಗ್ ಕೂಡ ಆಗುವುದಿಲ್ಲ, ನಡುಗುತ್ತದೆ ಅಷ್ಟೆ. ಸೊಂಟದಲ್ಲಿಯ ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೋ. ಭಾನುವಾರ ಮಧ್ಯಾಹ್ನ ಸಂಚಿ ನಡುಗಿದರೆ ನಾನೇ ಎಂದು ತಿಳಿ. ಎದ್ದು ಬಣವೆಯ ಹಿಂದೆ ಹೋಗು. ಎಮ್ಮೆಯ ಸುದ್ದಿ ಮಾತ್ರ ಹೇಳಬೇಡ.